ಕಿವಿ ಮೇಸ್ತ್ರಿಯ ಎರಡು ಕ್ಯಾಮ್ ಶಾಫ್ಟು

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಶಿವಬಸಪ್ಪನವರ ಷೆಡ್ಡು ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಿರುತ್ತಿರಲಿಲ್ಲ. "ಕಿವಿ ಮೇಸ್ತ್ರಿ" ಎಂದರೆ ಟೀ ಅಂಗಡಿಯವನೂ ಎದ್ದು ಬಂದು ದಾರಿ ತೋರಿಸುತ್ತಿದ್ದ. ಬೇರೆ ಮೆಕ್ಯಾನಿಕ್ಕುಗಳು ಗೇಜು, ಅಳತೆ ಎಂದು ಒದ್ದಾಡುವಾಗ ಇವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲೂರಿ, ಹಿಡಿಯನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. "ಮೂರನೇ ವಾಲ್ವು ಸರಿಯಾಗಿ ಕೂರ್ತಿಲ್ಲ" ಎಂದರೆ ಮುಗಿಯಿತು. ಬಿಚ್ಚಿ ನೋಡಿದರೆ ಮೂರನೆಯದೇ. ಮದ್ರಾಸಿನ ಹತ್ತಿರದ ಶೋಲಾವರದ ಕಾರ್ ರೇಸಿಗೆ ಹೋಗುವ ಹುಡುಗರು ಅವರ ಷೆಡ್ಡಿನ ಮುಂದೆ ಕಾದು ಕೂರುತ್ತಿದ್ದರು.

ಎಪ್ಪತ್ತಾರನೇ ಇಸವಿಯ ಹೊತ್ತಿಗೆ ಆ ಕಿವಿ ಕೈಕೊಡತೊಡಗಿತು. ದೊಡ್ಡ ಸದ್ದು ಕೇಳುತ್ತಿತ್ತು, ತೆಳುವಾದ ಸದ್ದುಗಳು ಮಾತ್ರ ಒಂದೊಂದಾಗಿ ಹೇಳದೆ ಕೇಳದೆ ಮಾಯವಾಗುತ್ತಿದ್ದವು. ಮೊದಲು ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಸೈಕಲ್ ಬೆಲ್ಲು. ಇದು ಗೊತ್ತಿದ್ದದ್ದು ಹೆಂಡತಿ ಗಿರಿಜಾದೇವಿಯೊಬ್ಬರಿಗೇ. ಅದೂ ಇವರು ಹೇಳಿದ್ದಲ್ಲ, ಎರಡು ಸಲ ಬೇಳೆ ಸೀದ ಮೇಲೆ ಅವರೇ ತಿಳಿದುಕೊಂಡದ್ದು. ಕಿವಿ ಹೋದ ಕಿವಿ ಮೇಸ್ತ್ರಿಯನ್ನು ಯಾರು ಮೂಸಿ ನೋಡುತ್ತಾರೆ ಎಂಬ ದಿಗಿಲಿನಲ್ಲಿ ಶಿವಬಸಪ್ಪನವರು ತುಟಿ ಬಿಚ್ಚಲಿಲ್ಲ.

ಅಂಥ ಹೊತ್ತಿಗೆ ಸರಿಯಾಗಿ ವಕ್ಕರಿಸಿದವನು ಬಸವೇಶ್ವರನಗರದ ಶ್ಯಾಮಸುಂದರ. ಕಾರ್ಖಾನೆಯೊಂದರಲ್ಲಿ ಎಂಜಿನಿಯರು, ರೇಸಿನ ಹುಚ್ಚು. ತನ್ನ ಹಳೆಯ ಕಾರಿನ ಜೊತೆಗೆ ಗುಜರಿಯಲ್ಲಿ ಸಿಕ್ಕಿದ್ದ ಒಂದು ಟರ್ಬೋ ತಂದಿದ್ದ. ಎಂಜಿನ್ ಹೊರಗೆ ಬಿಡುವ ಹೊಗೆಯ ರಭಸದಿಂದಲೇ ಚಕ್ರ ತಿರುಗಿಸಿಕೊಂಡು, ಅದೇ ಎಂಜಿನ್ನಿನೊಳಕ್ಕೆ ಗಾಳಿ ತುರುಕುವ ಯಂತ್ರ ಅದು. ಶಿವಬಸಪ್ಪನವರು ಅಂಥದ್ದನ್ನು ಕಣ್ಣಲ್ಲಿ ಕಂಡಿರಲಿಲ್ಲ. ಆದರೂ "ಅದೇನು ಮಹಾ, ಬಿಟ್ಟು ಹೋಗಪ್ಪ" ಎಂದುಬಿಟ್ಟರು.

ಟರ್ಬೋ ಕೂರಿಸಲು ಜಾಗ ಸಾಲದೆ ಎಂಜಿನ್ನಿನ ಮುಂದಿನ ಪುಲ್ಲಿ ಚಕ್ರವನ್ನು ಬದಲಿಸಬೇಕಾಯಿತು. ಅದರ ಜೊತೆ ಕಂಪನಿ ಕೊರೆದಿದ್ದ ಗುರುತೂ ಹೋಯಿತು. ಪಿಸ್ಟನ್ ತುತ್ತತುದಿಗೆ ಬಂದಾಗ ಆ ಗುರುತು ಎಂಜಿನ್ನಿನ ಮೈಮೇಲಿನ ಮುಳ್ಳಿಗೆ ನೆಟ್ಟಗೆ ನಿಲ್ಲಬೇಕು, ವಾಲ್ವುಗಳನ್ನು ತೆರೆದು ಮುಚ್ಚಿಸುವ ಕ್ಯಾಮ್ ಶಾಫ್ಟನ್ನು ಕೂರಿಸುವುದು ಆ ಲೆಕ್ಕದಲ್ಲೇ. ಶಿವಬಸಪ್ಪನವರು ಪ್ಲಗ್ಗಿನ ತೂತಿನಲ್ಲಿ ಸೈಕಲ್ ಕಡ್ಡಿ ಇಳಿಬಿಟ್ಟು, ಪಿಸ್ಟನ್ನಿನ ತುದಿ ಹುಡುಕಿ, ಹೊಸ ಪುಲ್ಲಿಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದರು. ಮರುದಿನ ಆಯುಧಪೂಜೆ. ಯಂತ್ರಗಳಿಗೆಲ್ಲ ವಿಭೂತಿ ಹಚ್ಚಿ, ಮಂಡಕ್ಕಿ ಹಂಚಿ ಬಾಗಿಲು ಹಾಕಿದರು.

ಹಬ್ಬ ಮುಗಿದ ಮೇಲೆ ಶಾಫ್ಟಿನ ಆಯ್ಕೆ. ಒಂದು, ಕಾರಿನ ಜೊತೆಗೇ ಬಂದದ್ದು, ವಾಲ್ವುಗಳನ್ನು ಹದವಾಗಿ ತೆರೆಯುವ ಸಾಧು ಶಾಫ್ಟು. ಇನ್ನೊಂದು ಶಿವಬಸಪ್ಪನವರೇ ಉಜ್ಜಿದ ರೇಸಿನ ಶಾಫ್ಟು. ಅದರ ದಪ್ಪ ಉಬ್ಬುಗಳು ವಾಲ್ವುಗಳನ್ನು ಬಹಳ ಹೊತ್ತು ತೆರೆದಿಡುತ್ತಿದ್ದವು. ಎಂಜಿನ್ನಿಗೆ ಬಾಯಿ ತುಂಬ ಉಸಿರು ಕೊಡಬೇಕು ಎನ್ನುವುದು ಅವರ ಮೂವತ್ತು ವರ್ಷದ ನಂಬಿಕೆ. ಎರಡನೇ ಯೋಚನೆಯಿಲ್ಲದೆ ತಮ್ಮದನ್ನೇ ಹಾಕಿದರು.

ಕಾರು ಮಾಗಡಿ ರಸ್ತೆಯ ಏರಿನಲ್ಲಿ ಏದುಸಿರು ಬಿಟ್ಟು ನಿಂತಿತು. ಕಾರ್ಬ್ಯುರೇಟರಿನಲ್ಲಿ ಢಬ್ ಢಬ್ ಎಂದು ಹಿಂದಕ್ಕೆ ಉಗುಳಿತು.

"ಮೇಸ್ತ್ರಿ, ಟರ್ಬೋಗೆ ಹಳೇ ಶಾಫ್ಟೇ ಒಳ್ಳೇದು ಅನ್ಸುತ್ತೆ," ಎಂದ ಶ್ಯಾಮಸುಂದರ. "ನಿಮ್ದರಲ್ಲಿ ಗಾಳಿ ಎಳೆಯೋದು, ಹೊಗೆ ಬಿಡೋದು, ಎರಡು ವಾಲ್ವೂ ಒಟ್ಟಿಗೆ ಜಾಸ್ತಿ ಹೊತ್ತು ತೆರ್ಕೊಂಡಿರುತ್ತೆ. ಟರ್ಬೋ ತಡೆದ ಹೊಗೆ ವಾಪಸ್ ಒಳಕ್ಕೇ ನುಗ್ಗುತ್ತೆ."

"ಪುಸ್ತಕದಲ್ಲಿ ಓದಿದ್ದಾ?"

"ಹೂಂ ಮೇಸ್ತ್ರಿ."

ಪುಸ್ತಕ ಎಂದ ಕೂಡಲೇ ಶಿವಬಸಪ್ಪನವರಿಗೆ ಉರಿದುಹೋಯಿತು. ಆದರೂ ಸಾಧು ಶಾಫ್ಟನ್ನು ಹಾಕಿದರು. ಅದೂ ಎಳೆಯಲಿಲ್ಲ! "ನೋಡ್ದೆಯಾ?" ಎಂದು ಗೆದ್ದವರಂತೆ ನಕ್ಕರು, ಒಳಗೆ ಮಾತ್ರ ತಲೆ ಗಿರ್ರೆಂದಿತು. ಎರಡೂ ಸರಿಯಿಲ್ಲ ಎಂದರೆ ಸರಿ ಯಾವುದು? ಶಾಫ್ಟಿನ ಗಾಲಿಯನ್ನು ಒಂದು ಹಲ್ಲು ಮುಂದೆ ಹಾಕಿದರು, ಒಂದು ಹಲ್ಲು ಹಿಂದೆ ಹಾಕಿದರು, ಮತ್ತೆ ತಮ್ಮದನ್ನು ಹಾಕಿ ಮತ್ತೆ ತೆಗೆದರು. ಎಂಟು ದಿನ ಇದೇ ಆಯಿತು. ದಿನವೂ ಸ್ಕ್ರೂಡ್ರೈವರ್ ಕಿವಿಗಿಟ್ಟು ಕಣ್ಣು ಮುಚ್ಚುತ್ತಿದ್ದರು. ಹತ್ತಿಯೊಳಗಿನಿಂದ ಬಂದಂತೆ ಬರೀ ಗುಂಯ್ ಎನ್ನುತ್ತಿತ್ತು. ತಪ್ಪು ಶಾಫ್ಟಿನದೋ, ಟರ್ಬೋದ್ದೋ, ತಮ್ಮ ಕಿವಿಯದೋ ಒಂದೂ ತಿಳಿಯದೆ, "ಹಾಂ, ಸ್ವಲ್ಪ ಹೊಂದ್ಕೋಬೇಕು" ಎಂದು ಬಾಯಿಗೆ ಬಂದದ್ದು ಹೇಳುತ್ತಿದ್ದರು. ಸುಣ್ಣದ ಗೆರೆಯನ್ನು ಅನುಮಾನಿಸುವುದು ಅವರಿಗೆ ಹೊಳೆಯಲೇ ಇಲ್ಲ. ತಾವೇ ಎಳೆದ ಗೆರೆಯಲ್ಲವೇ!

ಒಂಬತ್ತನೇ ದಿನ ಮಧ್ಯಾಹ್ನ ಗಿರಿಜಾದೇವಿ ಬುತ್ತಿ ತಂದರು. ಶ್ಯಾಮಸುಂದರ ಅರ್ಧ ದಿನ ರಜೆ ಹಾಕಿ ಬಂದು ಸ್ಟೂಲಿನ ಮೇಲೆ ಕೂತಿದ್ದ. ಶಿವಬಸಪ್ಪನವರು ಮಾಸಿದ ಗೆರೆಯ ಮೇಲೆ ಇನ್ನೊಂದು ಸಲ ಸುಣ್ಣ ಬಳಿಯುತ್ತಿದ್ದರು.

"ಅಯ್ಯೋ, ವಿಭೂತಿ ಮೇಲೆ ಸುಣ್ಣ ಬಳೀತಿದೀರಲ್ರೀ!" ಎಂದರು ಗಿರಿಜಾದೇವಿ, ಇವರಿಗೆ ಕೇಳುವಷ್ಟು ಗಟ್ಟಿಯಾಗಿ.

"ಯಾವ ವಿಭೂತಿ?"

"ಹಬ್ಬದ ದಿನ ನಾನು ಹಚ್ಚಿದ್ದು. ಮೂರು ಬೆರಳಿಗೆ ಜಾಗ ಎಲ್ಲಿದೆ ಈ ಚಕ್ರದಲ್ಲಿ? ಒಂದೇ ಬೆರಳಲ್ಲಿ ಎಳೆದೆ. ಉದುರಬಾರ್ದು ಅಂತ ನೀರಲ್ಲಿ ತೇದು ಹಚ್ಚಿದ್ದೆ."

"ಅಲ್ಲೊಂದು ಸುಣ್ಣದ ಗೆರೆ ಇತ್ತಲ್ಲ?"

"ಗಲೀಜಾಗಿತ್ತು. ಸೀಮೆಎಣ್ಣೇಲಿ ಒರೆಸಿದೆ."

ಶಿವಬಸಪ್ಪನವರು ಮತ್ತೆ ಪ್ಲಗ್ಗಿನ ತೂತಿನಲ್ಲಿ ಕಡ್ಡಿ ಇಳಿಬಿಟ್ಟು ನೋಡಿದರು. ನಿಜವಾದ ಜಾಗ ಎರಡು ಬೆರಳು ಆಚೆಗಿತ್ತು. ಎಂಟು ದಿನ ಎರಡು ಶಾಫ್ಟುಗಳೂ ಮಾಡದ ತಪ್ಪಿಗೆ ಬೈಸಿಕೊಂಡಿದ್ದವು. ಶ್ಯಾಮಸುಂದರ ಹೊಟ್ಟೆ ಹಿಡಿದುಕೊಂಡು ನಕ್ಕ. ಶಿವಬಸಪ್ಪನವರಿಗೆ ನಗು ಬರಲಿಲ್ಲ. ಇಷ್ಟು ದೊಡ್ಡ ತಪ್ಪನ್ನು ಮೊದಲಿನ ಕಿವಿಯಾಗಿದ್ದರೆ ಒಂದು ನಿಮಿಷದಲ್ಲಿ ಹಿಡಿಯುತ್ತಿತ್ತು.

ಹೊಸದಾಗಿ ಗುರುತು ಹಾಕಿ ಮೊದಲು ತಮ್ಮ ಶಾಫ್ಟನ್ನೇ ಕೂರಿಸಿದರು. ಎಂಜಿನ್ ಮೊದಲಿಗಿಂತ ವಾಸಿ, ಆದರೂ ಉಗುಳುವುದು ನಿಲ್ಲಲಿಲ್ಲ. ಸಂಜೆಗೆ ಸಾಧು ಶಾಫ್ಟು ಹಾಕಿದರು. ಕಾರು ಮಾಗಡಿ ರಸ್ತೆಯ ಏರನ್ನು ಒಂದೇ ಉಸಿರಿಗೆ ಹತ್ತಿ ಹೇರೋಹಳ್ಳಿ ಕಡೆಗೆ ಹೋಗಿ ಬಂತು. ಹುಡುಗ ಹೇಳಿದ್ದೇ ಸರಿ.

"ಸೌಂಡ್ ಹೇಗಿದೆ ಮೇಸ್ತ್ರಿ?" ಶ್ಯಾಮಸುಂದರ ಕುಣಿಯುವುದೊಂದು ಬಾಕಿ.

ಶಿವಬಸಪ್ಪನವರು ಸ್ಕ್ರೂಡ್ರೈವರ್ ಕಿವಿಗಿಟ್ಟರು. ಫಸ್ಟ್ ಕ್ಲಾಸ್ ಎಂದರೆ ಆಗಿಹೋಗುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ರೇಸಿನ ವೇಗದಲ್ಲಿ ಒಂದು ವಾಲ್ವು ಸಡಿಲವಾಗಿದ್ದರೆ? ಅವರಿಗೆ ಹೆದರಿಕೆಯಾಯಿತು.

"ನನಗೆ ಕೇಳ್ಸಲ್ಲಪ್ಪ," ಎಂದರು. "ವರ್ಷದ ಮೇಲಾಯ್ತು. ಇಷ್ಟು ದಿನ ಸುಳ್ಳು ಹೇಳ್ದೆ."

ಶ್ಯಾಮಸುಂದರನ ನಗು ಅಲ್ಲೇ ನಿಂತಿತು. ಗಿರಿಜಾದೇವಿ ಮಾತ್ರ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು, ಗಂಡನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು, ಅವರ ಹಾಗೆಯೇ ಕಣ್ಣು ಮುಚ್ಚಿದರು. ಒಂದೊಂದು ವಾಲ್ವಿನ ಮೇಲೂ ಇಟ್ಟು ಕೇಳಿದರು.

"ಎರಡನೇದು ಟಿಕ್ ಟಿಕ್ ಅಂತಿದೆ ರೀ. ಬಾಕಿಯವು ಇಲ್ಲ."

ಎಂಜಿನ್ ಆರಿಸಿ ಶಿವಬಸಪ್ಪನವರು ಎರಡನೆಯದನ್ನು ಬಿಗಿ ಮಾಡಿದರು. ಮತ್ತೆ ಚಾಲೂ ಮಾಡಿದರು. ಗಿರಿಜಾದೇವಿ ಇನ್ನೊಂದು ಸಲ ಸ್ಕ್ರೂಡ್ರೈವರ್ ಕಿವಿಗಿಟ್ಟರು. ಎಂಜಿನ್ನಿನ ವಿಷಯದಲ್ಲಿ ಅವರು ಈವರೆಗೆ ಇನ್ನೊಬ್ಬರ ಮಾತನ್ನು ನಂಬಿದವರಲ್ಲ.

"ನಿಂತಿತಾ?"

"ನಿಂತಿತು ರೀ."

ಅವರು ತಮ್ಮ ಕಿವಿಯಿಟ್ಟು ನೋಡಲು ಹೋಗಲಿಲ್ಲ. ಬಾನೆಟ್ ಮುಚ್ಚಿದರು.