ಎಲೆ ಹಾಕದೆ ಕರೆದದ್ದು

ಹರಿಣಿ ಮುಂಬೈಯ ಬೈಕುಲ್ಲಾದ ಊಟದ ಹೋಟೆಲಿನಲ್ಲಿ ಮಸಾಲೆ ಅರೆದು, ಸಾರು ಕುದಿಸಿ ಅರ್ಧ ಆಯುಷ್ಯ ಕಳೆದವಳು. ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದೆಂದರೆ ಅವಳಿಗೆ ಮೈ ಉರಿಯುತ್ತದೆ. ಆ ಗುಣವೊಂದನ್ನು ಬಿಟ್ಟರೆ ಎಲ್ಲರಂಥ ಹೆಂಗಸು, ಲೋಕಲ್ ರೈಲಿನಲ್ಲಿ ಸೀಟಿಗಾಗಿ ಜಗಳವಾಡುವವಳೂ ಹೌದು.

ಅವಳ ತಾಯಿ ಸೇವಂತಿ ಘಾಟ್ಕೋಪರಿನ ಚಾಳಿನಲ್ಲೂ ಊರಿನ ಪದ್ಧತಿ ಬಿಟ್ಟವಳಲ್ಲ. ಪ್ರತಿ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಮನೆಯ ಸತ್ತವರಿಗೆ ಎಲೆ ಹಾಕಿ, ಕೋಳಿ, ಮೀನು ಬಡಿಸಿ, "ಮಾತೆರ್ಲಾ ಬಲೆ, ಉಣ್ಲೆ" ಎಂದು ತುಳುವಿನಲ್ಲಿ ನೀಳವಾಗಿ ಕರೆಯುತ್ತಿದ್ದಳು. ಎಲ್ಲರೂ ಬನ್ನಿ, ಉಣ್ಣಿ ಎಂದು. ಆಮೇಲೆ ಬಾಗಿಲೆಳೆದು, ಸತ್ತವರು ಉಂಡೇಳುವ ತನಕ ಮನೆಮಂದಿ ಹೊರಗೆ ನಿಲ್ಲಬೇಕು. ಮೊದಲು ಬಡಿಸುವುದು, ಆಮೇಲೆ ಕರೆಯುವುದು; ಇದರಲ್ಲಿ ಹಿಂದುಮುಂದಾಗುವಂತಿಲ್ಲ.

ಹರಿಣಿಯ ತಮ್ಮನ ಮಗ ರೋಶನ್ ಒಮ್ಮೆ ಆ ಕರೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ. ಅಜ್ಜಿ ತೀರಿಕೊಂಡ ಮೇಲೆ ಅದನ್ನು ಕತ್ತರಿಸಿ, ಬೀಟ್ ಸೇರಿಸಿ, ಮತ್ತೆ ಮತ್ತೆ ಬರುವಂತೆ ಜೋಡಿಸಿ ಹಾಡು ಮಾಡಿದ. ಹಾಡು ಜನರ ಬಾಯಿಗೆ ಬಿತ್ತು. ರಿಕ್ಷಾದಲ್ಲಿ, ಜಿಮ್ಮಿನಲ್ಲಿ, ಮೆಟ್ರೋದಲ್ಲಿ ಯಾರದೋ ಫೋನಿನಲ್ಲಿ, ಸತ್ತ ತಾಯಿ ಸತ್ತವರನ್ನು ಊಟಕ್ಕೆ ಕರೆಯತೊಡಗಿದಳು. ಎಲ್ಲಿಯೂ ಎಲೆಯಿಲ್ಲ. ಯಾರೋ ಬಂದು ಬೆನ್ನ ಹಿಂದೆ ನಿಂತ ಹಾಗೆ, ನಿಂತೇ ಇರುವ ಹಾಗೆ ಹರಿಣಿಗೆ ಅನಿಸುತ್ತಿತ್ತು. ಅವಳಿಗೆ ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಯಿತು.

"ಅಜ್ಜಿಯ ಆವಾಜ್ ಪೂರಾ ಮುಂಬೈ ಕೇಳ್ತಾ ಇದೆ, ಅತ್ತೆ. ಪ್ಯಾರ್ ಸೇ ಮಾಡಿದ್ದು," ಎಂದ ರೋಶನ್.

"ಪ್ರೀತಿ ಇರ್ಬಹುದು ಮಾರಾಯ. ಅಜ್ಜಿಯತ್ರ ಕೇಳಿದ್ದಿಯಾ? ಕರ್ದದ್ದು ನೀನು, ಬಡಿಸುದು ಯಾರು?"

ಅವನ ಮುಖ ಸಣ್ಣದಾಯಿತು. ಅಂದೇ ಹಾಡು ತೆಗೆದುಹಾಕಿದ. ಅಷ್ಟರಲ್ಲಿ ಊರೆಲ್ಲ ಅದನ್ನು ಫೋನಿಗೆ ಇಳಿಸಿಕೊಂಡಾಗಿತ್ತು.

ಈ ಆಟಿಯಲ್ಲಿ ಹರಿಣಿ ಮೊದಲ ಬಾರಿಗೆ ತಾಯಿಗೂ ಎಲೆ ಹಾಕಿದಳು. ಸೇವಂತಿಗೆ ಪ್ರಾಣವಾಗಿದ್ದ ಹುಳಿಖಾರದ ಬಂಗುಡೆ ಪುಳಿಮುಂಚಿ ಬಡಿಸಿದಳು. ಕರೆಯಲು ಬಾಯಿ ತೆರೆಯುವಷ್ಟರಲ್ಲಿ, ಕೆಳಗೆ ದಹಿಹಂಡಿಯ ಮಡಕೆ ಒಡೆಯುವ ತಾಲೀಮಿಗೆ ಹಚ್ಚಿದ ಸ್ಪೀಕರಿನಿಂದ ಸೇವಂತಿಯೇ ಕರೆದಳು. ಹೋಗಲಿ, ಬಡಿಸಿಯಂತೂ ಆಗಿದೆಯಲ್ಲ ಎಂದುಕೊಂಡು ಹರಿಣಿ ಬಾಗಿಲೆಳೆದು ರೋಶನ್ ಜೊತೆ ಹೊರಗೆ ನಿಂತಳು.

ಕರೆ ನಿಲ್ಲಲಿಲ್ಲ. ಬಲೆ, ಬಲೆ, ಬಲೆ. ಉಣ್ಣಲು ಕೂತವರನ್ನು ಮತ್ತೆ ಮತ್ತೆ ಎಬ್ಬಿಸುವ ಹಾಗೆ. ರೋಶನ್ ಸ್ಪೀಕರ್ ಆರಿಸಲು ಮೆಟ್ಟಿಲಿಳಿದು ಓಡಿದ. ಹರಿಣಿ ಮುಚ್ಚಿದ ಬಾಗಿಲಿಗೆ ಹಣೆಯಿಟ್ಟು ಅತ್ತಳು.

"ಏಳ್ಬೇಡಮ್ಮಾ, ಉಣ್ಣು. ಅದು ನಿನ್ನನ್ನು ಕರಿಯುದಲ್ಲ."