ನಾಗರಪಂಚಮಿಯ ದಿನ ಕಿತ್ತ ಹೂವು

ಏಪ್ರಿಲ್‌ನ ಒಂದು ಶುಕ್ರವಾರ ಬೆಳಿಗ್ಗೆ ಏಳಕ್ಕೆ ಇರ್ವಿಂಗ್‌ನಿಂದ ಆಸ್ಟಿನ್‌ಗೆ ಹೊರಟೆವು, ನಾನು ಮತ್ತು ಹನ್ನೆರಡು ವರ್ಷದ ಮಗಳು ಅನು. ಇನ್ನೂರು ಮೈಲಿ ದಾರಿ. ಬುತ್ತಿಯಲ್ಲಿ ಚಪಾತಿ, ಚಟ್ನಿಪುಡಿ, ಮೊಸರನ್ನ. ಒಣಗಿದ ಗಿಡವೊಂದನ್ನು ನೋಡಲು ರಜೆ ಬೇಕೆಂದಾಗ ಆಫೀಸಿನಲ್ಲಿ ನಕ್ಕಿದ್ದರು. ನಾನೂ ನಕ್ಕೆ, ರಜೆ ಮಾತ್ರ ಬಿಡಲಿಲ್ಲ.

ಆ ಗಿಡ ಕಿತ್ತವಳು ನನ್ನ ಅಕ್ಕ ಶಾರದೆ. ಸಂಶೋಧನೆಗೆಂದು ಕೆನಡಾದ ಉತ್ತರದ ಜೌಗುನೆಲದಲ್ಲಿ ಒಂದು ಬೇಸಿಗೆ ಕಳೆದಿದ್ದಳು. "ಒಂದ್ಸಲ ಬಂದು ಹೋಗೋ" ಎಂದು ಎರಡು ಬಾರಿ ಫೋನ್ ಮಾಡಿದಳು. ಪ್ರಾಜೆಕ್ಟಿದೆ, ರಜೆ ಇಲ್ಲ ಎಂದೆ. ಮೂರನೆಯ ಬಾರಿ ಮಾಡಲಿಲ್ಲ. ಆ ಚಳಿಗಾಲದಲ್ಲಿ ಹಿಮದ ರಸ್ತೆಯಲ್ಲಿ ಅವಳ ಕಾರು ಜಾರಿತು. ಅಕ್ಕ ನನ್ನ ಮೇಲೆ ಮುನಿಸಿಕೊಂಡೇ ಹೋದಳು ಎಂದು ಆರು ವರ್ಷದಿಂದ ಕೊರಗುತ್ತಿದ್ದೆ.

ಅವಳ ಪ್ರೊಫೆಸರು ನಿವೃತ್ತರಾಗುವಾಗ ಅವಳ ಗಿಡಗಳ ಕಟ್ಟನ್ನು ಆಸ್ಟಿನ್‌ನ ಸಸ್ಯಸಂಗ್ರಹಾಲಯಕ್ಕೆ ಕಳಿಸಿದ್ದರಂತೆ. ಒಂದು ಗಿಡಕ್ಕೆ ವಿವರದ ಚೀಟಿಯೇ ಇಲ್ಲ, ಅದನ್ನು ಒತ್ತಿಟ್ಟ ಪತ್ರಿಕೆಯ ಅಂಚಿನಲ್ಲಿರುವ ಕನ್ನಡ ಬರಹ ಓದುವವರಿದ್ದಾರೆಯೇ ಎಂದು ಕೇಳಿದ ಈಮೇಲು ಕನ್ನಡ ಗೆಳೆಯರ ಕೈ ದಾಟಿ ನನ್ನವರೆಗೆ ಬಂದಿತ್ತು. ಅದರಲ್ಲಿ ಅಕ್ಕನ ಹೆಸರಿತ್ತು.

ವೇಕೋ ದಾಟುವಾಗ ಸಣ್ಣ ಮಳೆ. ರಸ್ತೆಯ ಬದಿಗೆಲ್ಲ ನೀಲಿ ಹೂ. ಶಾರದತ್ತೆ ಇದ್ದಿದ್ದರೆ ಹೆಜ್ಜೆಗೊಂದು ಸಲ ಕಾರು ನಿಲ್ಲಿಸುತ್ತಿದ್ದಳು ಎಂದು ಅನುಗೆ ಹೇಳಿದೆ. ಹನ್ನೊಂದಕ್ಕೆ ಆಸ್ಟಿನ್ ಮುಟ್ಟಿದೆವು.

ಸಂಗ್ರಹಾಲಯವೆಂದರೆ ಸಾಲು ಸಾಲು ಕಬ್ಬಿಣದ ಬೀರು, ಚಳಿ, ನುಸಿಗುಳಿಗೆಯ ವಾಸನೆ. ನೋಡಿಕೊಳ್ಳುವ ಹೆಲೆನ್ ಎಂಬ ಹಿರಿಯ ಹೆಂಗಸು ಒಂದು ಹಾಳೆ ಬಿಚ್ಚಿದರು. ಪಾರ್ನಾಸಿಯಾ, ಒಂದು ದಂಟಿಗೆ ಒಂದೇ ಬಿಳಿ ಹೂ, ಈಗ ಚಹಾದ ಬಣ್ಣ. ಅದನ್ನು ಒತ್ತಿಟ್ಟಿದ್ದು ಅಮ್ಮ ಮೈಸೂರಿನಿಂದ ಚಟ್ನಿಪುಡಿ ಸುತ್ತಿ ಕಳಿಸುತ್ತಿದ್ದ ಕನ್ನಡ ಪತ್ರಿಕೆಯಲ್ಲಿ. ಎಣ್ಣೆಯ ಕಲೆ ಇನ್ನೂ ಇತ್ತು.

"ಜಾಗ, ತಾರೀಖು ಎರಡೂ ಬೇಕು" ಎಂದರು ಹೆಲೆನ್. "ಇಲ್ಲದಿದ್ದರೆ ದಾಖಲೆಗೆ ಸೇರಿಸಲಾರೆ. ತರಗತಿಯಲ್ಲಿ ಬಿಡಿಸಿ ನೋಡಲು ಕೊಟ್ಟುಬಿಡುತ್ತೇವೆ."

ಓದಿದೆ. "ಲೂನ್ ಸರೋವರ, ಪೂರ್ವದ ದಂಡೆ. ಮೊಣಕಾಲುದ್ದ ಕೆಸರು. ನಾಗರಪಂಚಮಿ."

ತಾರೀಖೇ ಇಲ್ಲ! ಅಕ್ಕನ ಚಾಳಿಯೇ ಅದು. ಪರೀಕ್ಷೆ ಯಾವತ್ತೆಂದರೂ "ಗೌರಿಹಬ್ಬದ ಮಾರನೇ ದಿನ" ಎನ್ನುತ್ತಿದ್ದಳು. ಅವಳು ಅಲ್ಲಿದ್ದದ್ದು ಒಂದೇ ಬೇಸಿಗೆಯಾದ್ದರಿಂದ ವರ್ಷ ಗೊತ್ತಿತ್ತು. ಇರ್ವಿಂಗ್‌ನ ಪರಿಚಯದ ಭಟ್ಟರಿಗೆ ಫೋನ್ ಮಾಡಿದೆ.

"ಆರು ವರ್ಷದ ಹಿಂದಿನದಾ? ಸ್ವಲ್ಪ ಇರಿ, ಹಳೇ ಪಂಚಾಂಗ ಎಸೆಯೋ ಅಭ್ಯಾಸ ನನಗಿಲ್ಲ" ಎಂದವರು ಐದೇ ನಿಮಿಷದಲ್ಲಿ ತಾರೀಖು ಹೇಳಿದರು. ಹೆಲೆನ್ ಅಕ್ಕನ ಹೆಸರಿನ ಕೆಳಗೆ ಅದನ್ನು ಬರೆದುಕೊಂಡರು. ನನಗೆ ಹೋದ ಜೀವ ಬಂದಂತಾಯಿತು.

"ಕೆಳಗೆ ಇನ್ನೊಂದು ಸಾಲಿದೆಯಲ್ಲ?" ಎಂದರು ಹೆಲೆನ್.

ಮಡಿಕೆಯೊಳಗೆ ಸಣ್ಣಗೆ ಬರೆದದ್ದನ್ನು ಗಟ್ಟಿಯಾಗಿ ಓದಿದೆ: "ತಮ್ಮನ ಬೆನ್ನಿಗೆ ಹಾಲು ಹಚ್ಚೋ ದಿನ. ಪಾಪ, ರಜೆ ಸಿಗಲಿಲ್ಲವಂತೆ. ಮುಂದಿನ ವರ್ಷ ಹಿಡಿದು ಕೂರಿಸ್ತೀನಿ."

ಮುನಿಸಿರಲಿಲ್ಲ. ಆ ಒಂದು "ಪಾಪ" ಓದಿ ಅಪರಿಚಿತರ ಮುಂದೆ ಅತ್ತುಬಿಟ್ಟೆ. ಅದು ದಾಖಲೆಗಲ್ಲ, ನನಗೆ ಬರೆದದ್ದು ಎಂದೆ. ಹೆಲೆನ್ ಆ ಅಂಚನ್ನು ಫೋಟೋಕಾಪಿ ಮಾಡಿ ಕೊಟ್ಟರು.

ವಾಪಸು ಬರುವಾಗ ಟೆಂಪಲ್ ಎಂಬ ಊರಿನ ಪೆಟ್ರೋಲ್ ಬಂಕಿನಲ್ಲಿ ಕಾಫಿಗೆ ನಿಂತೆವು. "ವಾಟ್ ಈಸ್ ದ ಮಿಲ್ಕ್ ಥಿಂಗ್, ಅಪ್ಪಾ?" ಎಂದಳು ಅನು. ನಾಗರಪಂಚಮಿಗೆ ಅಕ್ಕತಂಗಿಯರು ಅಣ್ಣತಮ್ಮಂದಿರ ಬೆನ್ನಿಗೆ ಹಾಲು ಹಚ್ಚಿ ಹರಸುವ ನಮ್ಮ ಮನೆಯ ಪದ್ಧತಿ ಹೇಳಿದೆ.

ಅಲ್ಲಿ ಕಾಫಿಗೆಂದು ಇಟ್ಟಿದ್ದ ಹಾಲಿನ ಪುಟ್ಟ ಡಬ್ಬಿಯೊಂದನ್ನು ಅವಳು ಬಿಚ್ಚಿದಳು. "ಟರ್ನ್ ಅರೌಂಡ್." ಷರ್ಟಿನ ಕಾಲರು ಎಳೆದು ಬೆನ್ನಿಗೆ ಹಾಲು ಹಚ್ಚಿದಳು. "ದಿಸ್ ಈಸ್ ಫ್ರಮ್ ಅತ್ತೆ."

ಇರ್ವಿಂಗ್ ಮುಟ್ಟುವವರೆಗೂ ನಾನು ಸೀಟಿಗೆ ಒರಗಲಿಲ್ಲ.