ಅರಿಶಿನ ನೀರಿನ ಸೇವಂತಿಗೆ

ಕಳೆದ ತಿಂಗಳು ಮಗಳ ಕಾಲೇಜಿನ ರೆಕಾರ್ಡ್ ಬುಕ್ಕಿಗೆ ರಟ್ಟು ಹಾಕಿಸಲು ಹೊಸಪೇಟೆಯ ಒಂದು ಬೈಂಡಿಂಗ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಸ್ಟೋವಿನ ಮೇಲೆ ಮೈದಾ ಅಂಟು ಕುದಿಸುತ್ತಿದ್ದರು. ಜಿರಳೆ ತಿನ್ನಬಾರದೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸಿದ್ದರು. ಆ ಹಸಿ ಹಿಟ್ಟಿನ, ಸ್ವಲ್ಪ ಕಹಿಯಾದ ವಾಸನೆ ಮೂಗಿಗೆ ತಾಗಿದ್ದೇ ತಡ, ಚಿತ್ತವಾಡ್ಗಿಯ ನಮ್ಮ ಹಳೇ ಓಣಿ ಕಣ್ಣಮುಂದೆ ಬಂತು… ಎದುರುಮನೆ ಅಕ್ಕನ ಕಟ್ಟೆ, ಕಟ್ಟೆಯ ಮೇಲೆ ಹರಡಿದ ಕಾಗದದ ಚೂರುಗಳು.

ನಾನು ಮದುವೆಯಾಗಿ ಚಿತ್ತವಾಡ್ಗಿಗೆ ಬಂದಾಗ ಗಣಿಗಳು ಜೋರಾಗಿದ್ದ ಕಾಲ. ನಮ್ಮವರು ಸಂಡೂರಿನ ಕಡೆ ಒಂದು ಗಣಿಯಲ್ಲಿ, ಲಾರಿಗಳನ್ನು ತೂಗುವ ಕಾಟಾದ ಹತ್ತಿರ ಕ್ಲಾರ್ಕಾಗಿದ್ದರು. ರಸ್ತೆಯ ತುಂಬ ಅದಿರಿನ ಲಾರಿಗಳು. ಒಗೆದು ಹಾಕಿದ ಬಿಳಿ ಬಟ್ಟೆ ಒಣಗುವಷ್ಟರಲ್ಲಿ ಕೆಂಪಗಾಗುತ್ತಿತ್ತು. ಓಣಿಯಲ್ಲಿ ಒಂದೆರಡು ದಾಸವಾಳದ ಗಿಡಗಳಿದ್ದವು. ಅವುಗಳ ಎಲೆ ಯಾವುದು, ಹೂವು ಯಾವುದು ಎಂದು ದೂರದಿಂದ ತಿಳಿಯುತ್ತಿರಲಿಲ್ಲ.

ಅಂಥ ಓಣಿಯಲ್ಲಿ ಎದುರುಮನೆ ಅಕ್ಕ ಹೂವು ಮಾಡುತ್ತಿದ್ದಳು. ಮನೆಯಲ್ಲಿ ಬೇಡವಾದದ್ದೆಲ್ಲ ಆಕೆಗೆ ಬೇಕು. ಮೊಟ್ಟೆಯ ಟ್ರೇಯ ಗುಳಿಗಳನ್ನು ಕತ್ತರಿಸಿ ಗುಲಾಬಿ ಮಾಡುತ್ತಿದ್ದಳು. ಚಹಾಪುಡಿ ಪಾಕೀಟಿನ ಒಳಗಿನ ಬೆಳ್ಳಿ ಕಾಗದದಿಂದ ಮಲ್ಲಿಗೆ ಮೊಗ್ಗು, ಕಸಬರಿಗೆ ಕಡ್ಡಿಗೆ ಹಳೇ ಹಸಿರು ಕುಪ್ಪಸದ ಚಿಂದಿ ಸುತ್ತಿದರೆ ದೇಟು. ಗಣಿ ದುಡ್ಡು ಓಡಾಡುತ್ತಿದ್ದ ಆ ದಿನಗಳಲ್ಲಿ ಮದುವೆ ಕಾರ್ಡುಗಳು ರಟ್ಟಿನಷ್ಟು ದಪ್ಪ ಇರುತ್ತಿದ್ದವು. ಮದುವೆ ಮುಗಿದ ಮೇಲೆ ಓಣಿಯವರೆಲ್ಲ ಅವನ್ನು ತಂದು ಅಕ್ಕನಿಗೆ ಕೊಡುತ್ತಿದ್ದರು. ಮಾಡಿದ ಹೂವನ್ನು ಕೊನೆಗೆ ಕರಗಿಸಿದ ಮೇಣದಲ್ಲಿ ಅದ್ದಿ ತೆಗೆಯುತ್ತಿದ್ದಳು. ಹಾಗೆ ಮಾಡಿದರೆ ಧೂಳು ಕೂತರೂ ಒದ್ದೆ ಬಟ್ಟೆಯಲ್ಲಿ ಒರೆಸಬಹುದಿತ್ತು.

ಅಕ್ಕನ ಗಂಡ ಅದಿರಿನ ಲಾರಿಯ ಡ್ರೈವರು. ಮಕ್ಕಳಿರಲಿಲ್ಲ. ಲಾರಿಯ ಮಾಲೀಕನದೇ ಒಂದು ಚಿಕ್ಕ ಮನೆಯಲ್ಲಿ ಇಬ್ಬರೂ ಇದ್ದರು. ಆತ ಮನೆಯಲ್ಲಿರುತ್ತಿದ್ದುದೇ ಕಡಿಮೆ. ಬಂದರೆ ಉಣ್ಣುವುದು, ಮಲಗುವುದು, ಮತ್ತೆ ಹೊರಡುವುದು. ಮೃದು ಸ್ವಭಾವದ ಮನುಷ್ಯ. ನಮ್ಮ ಜೊತೆ ತಲೆ ತಗ್ಗಿಸಿಯೇ ಮಾತಾಡುತ್ತಿದ್ದ.

ಆ ಮನೆಯ ಬಳಕೆ ನನಗೆ ಹೆಚ್ಚಾದದ್ದು ನನ್ನ ಮೊದಲ ಬಸಿರು ಏಳನೇ ತಿಂಗಳಲ್ಲಿ ಕಳೆದುಹೋದ ಮೇಲೆ. ನಾನು ಬಾಗಿಲು ಹಾಕಿಕೊಂಡು ಗೋಡೆ ನೋಡುತ್ತ ಕೂತಿರುತ್ತಿದ್ದೆ. ಬಂದವರೆಲ್ಲ ಸಮಾಧಾನ ಹೇಳುತ್ತಿದ್ದರು, ನನಗೆ ಅದೇ ಸಿಟ್ಟು. ಅಕ್ಕ ಬಂದವಳು ಏನೂ ಹೇಳಲಿಲ್ಲ. ಮಡಿಲಿನಿಂದ ಒಂದಿಷ್ಟು ಕಾಗದ, ಕತ್ತರಿ ತೆಗೆದು ಎದುರಿಗೆ ಕೂತು, ಎಸಳಿನ ಅಂಚನ್ನು ಕತ್ತರಿಯ ಬೆನ್ನಿನಿಂದ ಎಳೆದು ಸುರುಳಿ ಮಾಡುವುದನ್ನು ತೋರಿಸಿದಳು. ಮರುದಿನ ನಾನಾಗಿಯೇ ಆಕೆಯ ಕಟ್ಟೆಗೆ ಹೋದೆ. ಆಮೇಲೆ ದಿನಾ ಹೋದೆ.

ಒಂದು ಚಳಿಗಾಲ… ಸಂಡೂರು ರಸ್ತೆಯಲ್ಲಿ ಒಂದು ಅಪಘಾತವಾಯಿತು. ಅದಿರು ಆರಿಸುವ ಕೆಲಸ ಮುಗಿಸಿ ರಸ್ತೆಯ ಬದಿಯಲ್ಲಿ ನಡೆದು ಬರುತ್ತಿದ್ದ ಒಬ್ಬ ಹೆಣ್ಣುಮಗಳಿಗೆ ಲಾರಿ ಬಡಿದು ಆಕೆ ಅಲ್ಲೇ ಸತ್ತಳು. ಚಿತ್ತವಾಡ್ಗಿಯ ಕೆಳಗಿನ ಓಣಿಯವಳು, ಮದುವೆ ವಯಸ್ಸಿನ ಹುಡುಗಿ. ಮನೆಯಲ್ಲಿ ತಾಯಿಯೊಬ್ಬಳೇ. ಲಾರಿ ಬಿಟ್ಟು ಓಡಿಹೋಗಿದ್ದ ಡ್ರೈವರು ತಾನೇ ಠಾಣೆಗೆ ಬಂದು ಒಪ್ಪಿಕೊಂಡನಂತೆ, ಯಾರೋ ವಯಸ್ಸಾದವನಂತೆ ಎಂದು ಜನ ಮಾತಾಡಿಕೊಂಡರು. ಅಂಥ ಸುದ್ದಿ ಆಗ ಹೊಸದಲ್ಲ. ನಾಲ್ಕು ದಿನ ಮಾತಾಡಿ ಸುಮ್ಮನಾದೆವು.

ಅದೇ ಸುಮಾರಿಗೆ ಅಕ್ಕನ ಗಂಡ ಕೆಲಸಕ್ಕೆ ಹೋಗುವುದನ್ನು ಬಿಟ್ಟು ಮನೆಯಲ್ಲೇ ಉಳಿದ. ಮೈಯಲ್ಲಿ ಹುಷಾರಿಲ್ಲ ಎಂದು ಅಕ್ಕ ಹೇಳಿದಳು. ಆಕೆಯ ಕೈಯೂ ಯಾಕೋ ನಿಧಾನವಾಗಿತ್ತು. ಅಂಟು ಹಚ್ಚಿದ ಎಸಳನ್ನು ಬೆರಳಲ್ಲಿ ಹಿಡಿದು ಹಾಗೇ ಕೂತುಬಿಡುತ್ತಿದ್ದಳು.

ಒಂದು ಮಧ್ಯಾಹ್ನ ನಾವಿಬ್ಬರೂ ಕಟ್ಟೆಯ ಮೇಲಿದ್ದಾಗ ಸತ್ತ ಹುಡುಗಿಯ ತಾಯಿ ಬಂದಳು. ಕೈಯಲ್ಲಿ ಕಟ್ಟು ಹಾಕಿಸಿದ ಮಗಳ ಫೋಟೋ. ಅಕ್ಕನನ್ನು ಆಕೆ ಅಲ್ಲಿಯತನಕ ನೋಡಿರಲಿಲ್ಲ, ಹೂವಿನ ಸುದ್ದಿ ಕೇಳಿ ಮನೆ ಹುಡುಕಿಕೊಂಡು ಬಂದಿದ್ದಳು.

"ಇದಕ್ಕೊಂದು ಮಾಲಿ ಬೇಕಿತ್ತವ್ವ. ಖರೇ ಹೂವು ಸಂಜಿಗೆ ಬಾಡ್ತಾವ. ಬಾಡಿದ್ದು ತಗದು ಹಾಕಾಕ ನನ್ನ ಕೈಲೆ ಆಗವಲ್ದು."

ಒಳಗೆ ಏನೋ ಕೆಳಗೆ ಬಿದ್ದ ಸದ್ದಾಯಿತು. ಹಿತ್ತಲ ಬಾಗಿಲು ತೆರೆದ ಸದ್ದೂ ಕೇಳಿಸಿತು. ಅಕ್ಕನ ಮುಖ ನೋಡಿದೆ, ಸುಣ್ಣದಂತೆ ಬೆಳ್ಳಗಾಗಿತ್ತು. ಆದರೂ ಎದ್ದು ಹೋಗಿ ನೀರು ತಂದು ಕೊಟ್ಟಳು. ಮಗಳಿಗೆ ಯಾವ ಹೂವು ಇಷ್ಟವಿತ್ತು ಎಂದು ಕೇಳಿದಳು. ಹಳದಿ ಸೇವಂತಿಗೆ, ಎಂದಳು ತಾಯಿ. ಫೋಟೋದ ಅಳತೆಯನ್ನು ಅಕ್ಕ ದಾರದಲ್ಲಿ ತೆಗೆದುಕೊಂಡಳು. ಗಾಜಿಗೆ ಬೆರಳು ತಾಗದ ಹಾಗೆ, ಬಹಳ ಜೋಪಾನವಾಗಿ.

ಆಕೆ ಓಣಿ ದಾಟಿ ಹೋದ ಮೇಲೆ ಅಕ್ಕ ನನಗೆ ಹೇಳಿದಳು. ಲಾರಿ ಓಡಿಸುತ್ತಿದ್ದವನು ತನ್ನ ಗಂಡನೇ. ಎರಡು ದಿನ ನಿದ್ದೆಯಿಲ್ಲದೆ ಟ್ರಿಪ್ಪು ಹೊಡೆದು, ತಿರುವಿನಲ್ಲಿ ಕಣ್ಣು ಮುಚ್ಚಿ ಬಂದಿತ್ತಂತೆ. ಓಡಿಹೋಗಿ ಮಾಲೀಕನ ಮುಂದೆ ನಿಂತಾಗ, ನೀನು ಚೆನ್ನಾಗಿ ಗಾಡಿ ಹೊಡೆಯುವವನು, ನಿನ್ನನ್ನು ಕಳೆದುಕೊಳ್ಳುವುದಿಲ್ಲ ಎಂದು ಹೇಳಿ, ಕೆಲಸವಿಲ್ಲದೆ ಕೂತಿದ್ದ ಒಬ್ಬ ಮುದುಕ ಡ್ರೈವರನ್ನು ದುಡ್ಡು ಕೊಟ್ಟು ಠಾಣೆಗೆ ಕಳಿಸಿದನಂತೆ. ಆ ಮುದುಕ ಈಗ ಬಳ್ಳಾರಿ ಜೈಲಿನಲ್ಲಿದ್ದ.

ನನಗೆ ಭಯವಾಯಿತು. ಆ ಸಂಜೆ ನಮ್ಮವರಿಗೆ ಹೇಳಿದಾಗ ಅವರು ಎದ್ದು ಬೀದಿ ಬಾಗಿಲು ಹಾಕಿದರು. ಆ ಮಾಲೀಕ ದೊಡ್ಡ ಕುಳ, ನಮ್ಮ ಗಣಿಯಲ್ಲೂ ಅವನ ಗಾಡಿಗಳು ಓಡುತ್ತವೆ, ಸ್ವಲ್ಪ ದಿನ ಆ ಕಡೆ ಹೋಗಬೇಡ ಎಂದರು. ನಾನು ಮರುದಿನವೂ ಹೋದೆ. ಹೋಗದೆ ಇರಲು ನನ್ನಿಂದ ಆಗಲಿಲ್ಲ.

ಅಕ್ಕ ಹಳೇ ಪೇಪರುಗಳನ್ನು ಅರಿಶಿನದ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿದ್ದಳು. ಅಚ್ಚಿನ ಅಕ್ಷರಗಳು ಹಳದಿಯ ಕೆಳಗೆ ಮಸುಕಾಗಿ ಕಾಣುತ್ತಿದ್ದವು. ಸಣ್ಣಗೆ ಸೀಳಿ, ಸುರುಳಿ ಮಾಡಿ, ಒಂದರ ಮೇಲೊಂದು ಅಂಟಿಸಿದಂತೆ ಸೇವಂತಿಗೆ ಅರಳುತ್ತ ಬಂತು. ಆಕೆ ಅಷ್ಟು ಚೆಂದದ ಹೂವು ಮಾಡಿದ್ದನ್ನು ನಾನು ನೋಡಿರಲಿಲ್ಲ. ಅದನ್ನು ನೋಡಿ ನನಗೆ ಸಂತೋಷ ಆಗಲಿಲ್ಲ. ಒಳಗೆ ಆಕೆಯ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವರಿಬ್ಬರ ನಡುವೆ ಮಾತಿರಲಿಲ್ಲ.

ಮಾಲೆ ಮುಗಿದ ದಿನ ಅಕ್ಕ ಅದನ್ನು ಹಳೇ ಪಂಚೆಯಲ್ಲಿ ಸುತ್ತಿ, ಒಳಗೆ ಹೋಗಿ ಗಂಡನ ಮಗ್ಗುಲಲ್ಲಿ ಇಟ್ಟಳು. ನಾನು ಕಟ್ಟೆಯ ಮೇಲೇ ಇದ್ದೆ.

"ನೀವ ಕೊಟ್ಟು ಬರ್ರಿ," ಎಂದಳು.

ಆತ ಬಹಳ ಹೊತ್ತು ಏಳಲಿಲ್ಲ. ಆಮೇಲೆ ಎದ್ದು, ಮುಖ ತೊಳೆದುಕೊಂಡು, ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಪಕ್ಕದಿಂದಲೇ ಇಳಿದು ಹೋದ.

ಅಲ್ಲಿ ನಡೆದದ್ದನ್ನು ಆತ ಅಕ್ಕನಿಗೆ ಹೇಳಿದ, ಅಕ್ಕ ನನಗೆ ಹೇಳಿದಳು. ಕೊಟ್ಟು ಹಾಗೇ ಬಂದುಬಿಡಬೇಕೆಂದು ಹೋಗಿದ್ದನಂತೆ. ಆದರೆ ಫೋಟೋದ ಮೊಳೆ ಎತ್ತರದಲ್ಲಿತ್ತು. ಕೈ ನಿಲುಕುವುದಿಲ್ಲ, ನೀನೇ ಹಾಕಿಬಿಡಪ್ಪ ಎಂದಳಂತೆ ತಾಯಿ. ಹಾಕಿದ. ಹಾಕಿದ ಮೇಲೆ ಬಾಗಿಲ ಕಡೆ ಹೆಜ್ಜೆ ಬರಲಿಲ್ಲ. ನೆಲಕ್ಕೆ ಕೂತು ಎಲ್ಲ ಹೇಳಿಬಿಟ್ಟ. ಆಕೆ ಬೈಯಲಿಲ್ಲ, ಅಳಲೂ ಇಲ್ಲ. ಒಂದೇ ಮಾತು ಕೇಳಿದಳಂತೆ:

"ಆಕಿ ಏನರ ಅಂದ್ಲೇನಪ್ಪ, ಕಡೀಕ?"

ಓಡಿಹೋದವನಿಗೆ ಅದು ಹೇಗೆ ಗೊತ್ತಿರಬೇಕು.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಠಾಣೆಗೆ ಹೋಗಿ ನಿಜ ಹೇಳಿದರು. ಮುದುಕ ಹೊರಗೆ ಬಂದ, ಆದರೆ ತಕ್ಷಣ ಅಲ್ಲ. ಸುಳ್ಳು ಹೇಳಿದ್ದಕ್ಕೆ ಅವನೂ ಕೋರ್ಟು ತಿರುಗಬೇಕಾಯಿತು. ಅವನ ಹೆಂಡತಿ ಒಂದು ದಿನ ಬಂದು, ನಮ್ಮ ಪಾಡಿಗೆ ನಾವು ಇದ್ದೆವು, ನಿನ್ನನ್ನು ಯಾರು ಕೇಳಿದ್ದರು ಎಂದು ಅಕ್ಕನನ್ನು ಬೈದು ಹೋದಳು. ಓಣಿಯವರೂ ಕಟ್ಟಿಕೊಂಡ ಗಂಡನನ್ನೇ ಜೈಲಿಗೆ ಕಳಿಸಿದವಳು ಎಂದು ಮುಖ ತಿರುಗಿಸಿದರು. ಮದುವೆ ಕಾರ್ಡು ತಂದುಕೊಡುವುದು ನಿಂತಿತು. ಮಾಲೀಕ ಮನೆ ಬಿಡಿಸಿದ.

ಸಾಮಾನು ಕಟ್ಟಲು ನಾನು ಹೋಗಿದ್ದೆ. ಕಂಪ್ಲಿ ಹತ್ತಿರದ ಮೆಟ್ರಿಯಲ್ಲಿ ಆಕೆಯ ತಮ್ಮ ಇದ್ದ, ಅಲ್ಲಿಗೆ ಹೊರಟಿದ್ದಳು. ಕತ್ತರಿಯನ್ನಾಗಲಿ ಕಾಗದಗಳನ್ನಾಗಲಿ ಗಂಟಿನಲ್ಲಿ ಹಾಕಲಿಲ್ಲ. ನೀನು ಮಾಡಿದ್ದು ಸರಿ ಅಕ್ಕ ಎಂದು ನಾನು ಹೇಳಿದೆ. ಆಕೆ ಹಗ್ಗ ಬಿಗಿಯುತ್ತ, "ಸರಿನೋ ತಪ್ಪೋ ನನಗ ತಿಳಿವಲ್ದವ್ವ. ಆ ತಾಯಿ ಬರದ ಇದ್ದಿದ್ರ ನಾನೂ ಸುಮ್ನ ಇರ್ತಿದ್ನೇನೋ," ಎಂದಳು.

ಮೊದಮೊದಲು ಕಂಪ್ಲಿ ಕಡೆಯಿಂದ ಬಂದವರಿಂದ ಸುದ್ದಿ ಸಿಗುತ್ತಿತ್ತು. ಗಂಡ ಬಿಡುಗಡೆಯಾಗಿ ಬಂದನಂತೆ, ಇಬ್ಬರೂ ಭತ್ತದ ಗದ್ದೆಯ ಕೆಲಸಕ್ಕೆ ಹೋಗುತ್ತಾರಂತೆ… ಆಮೇಲೆ ನಾವೂ ಚಿತ್ತವಾಡ್ಗಿ ಬಿಟ್ಟೆವು. ಗಣಿಗಳು ನಿಂತವು. ಸುದ್ದಿಯೂ ನಿಂತಿತು.

ಬೈಂಡಿಂಗ್ ಅಂಗಡಿಗೆ ಹೋಗಿ ಬಂದ ವಾರದಲ್ಲೇ ಮೆಟ್ರಿಗೆ ಹೋದೆ. ಅಕ್ಕ ಇರಲಿಲ್ಲ. ಎರಡು ಮಳೆಗಾಲದ ಹಿಂದೆ ಜ್ವರ ಬಂದು ತೀರಿಹೋದಳಂತೆ. ಆಕೆಯ ಗಂಡ ನನ್ನನ್ನು ಗುರುತು ಹಿಡಿದು ಕುರ್ಚಿ ಒರೆಸಿ ಕೊಟ್ಟ, ಅಕ್ಕನ ತಮ್ಮನ ಹೆಂಡತಿಯ ಕೈಯಲ್ಲಿ ಚಹಾ ಮಾಡಿಸಿದ. ಕೂದಲೆಲ್ಲ ಬೆಳ್ಳಗಾಗಿತ್ತು. ಆಮೇಲೆ ಎಂದೂ ಸ್ಟಿಯರಿಂಗ್ ಮುಟ್ಟಲಿಲ್ಲ ಎಂದ. ಬಸ್ಸಿನ ಹೊತ್ತಾಯಿತೆಂದು ಎದ್ದಾಗ ರಸ್ತೆಯವರೆಗೂ ಬಂದ. ರಸ್ತೆ ಬದಿಯ ಕಾಲುವೆಯ ಕಟ್ಟೆಯ ಮೇಲೆ ನಿಂತು, ದನಿ ತಗ್ಗಿಸಿ ಹೇಳಿದ:

"ಆಕಿ ಆ ಮಾಲಿ ನನ್ನ ಕೈಲೆ ಕೊಟ್ಟು ಕಳಿಸಿದ್ಲು ಅಂತ ಈ ಊರಾಗ ಯಾರಿಗೂ ಗೊತ್ತಿಲ್ರಿ. ನಾನೂ ಹೇಳಿಲ್ಲ. ನಾನು ಹೋದ ಮ್ಯಾಲ ನಿಮಗೊಬ್ಬರಿಗ ಗೊತ್ತಿರ್ತೈತಿ."

ಬಸ್ಸು ಬಂತು. ಹತ್ತಿ ಕೂತೆ. ಮನೆ ಮುಟ್ಟಿದ ಮೇಲೆ ಮಗಳನ್ನು ಹತ್ತಿರ ಕೂರಿಸಿಕೊಂಡು ಅಕ್ಕನ ಸುದ್ದಿಯನ್ನು ಮೊದಲಿನಿಂದ ಹೇಳಿದೆ.